ಉಚಿತ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳನ್ನು ಹೆಚ್ಚಿಸುವುದಾದರೆ ಅವುಗಳನ್ನು ನಡೆಸಬೇಕಾದವರು ಯಾರು?

ಹಳೆಯ ಆರೋಗ್ಯ ಶಿಕ್ಷಕ, ಮೈಸೂರು

ಎಚ್‌ಐವಿ ತಡೆಗೆ ಬೇಕಾದ ಬಹುಪಾಲು ಸೌಲಭ್ಯಗಳು ನಮ್ಮ ರಾಜ್ಯದಲ್ಲಿ ಉಚಿತವಾಗಿಯೇ ಇವೆ. ಐಸಿಟಿಸಿ ಎಂಬ ಸರ್ಕಾರಿ ಪರೀಕ್ಷೆ-ಸಮಾಲೋಚನೆ ಕೇಂದ್ರಗಳಲ್ಲಿ ರಕ್ತಪರೀಕ್ಷೆಗೆ ಹಣ ಕೊಡಬೇಕಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ ವೈರಾಣುವನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು 2004ರ ಏಪ್ರಿಲ್ 1ರಿಂದ ಉಚಿತವಾಗಿ ಕೊಡುವ ಕಾರ್ಯಕ್ರಮವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ ಎಂಬ ಫಲಕದ ಕೊಠಡಿಗಳಿವೆ. ಇಷ್ಟಿದ್ದರೂ ಅತಿ ಹೆಚ್ಚು ಸೋಂಕಿತರಿರುವ ಮೊದಲ ಮೂರು ರಾಜ್ಯಗಳಲ್ಲಿ ಕರ್ನಾಟಕ ಇಂದಿಗೂ ಒಂದು. ಚಿಕಿತ್ಸೆಯಿಂದ ಜನ ಬದುಕುಳಿಯುತ್ತಿರುವುದರಿಂದಲೂ ಆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ ಎಂಬುದು ನಿಜ. ಆದರೆ ಹೊಸ ಸೋಂಕುಗಳು ನಿಂತಿಲ್ಲ ಎಂಬುದೂ ಅಷ್ಟೇ ನಿಜ.

ಕ್ಲಿನಿಕ್‌ಗಳ ಸಂಖ್ಯೆಯನ್ನು ಹೆಚ್ಚಿಸಬೇಕೆಂಬ ಮಾತು ಬಂದಾಗಲೆಲ್ಲ ಕಟ್ಟಡ, ವೈದ್ಯರು, ಔಷಧ ಎಂದು ಲೆಕ್ಕ ಆರಂಭವಾಗುತ್ತದೆ. ನಾನು ಇಲಾಖೆಯಲ್ಲಿದ್ದ ಕಾಲದಲ್ಲಿ ಕಂಡುಕೊಂಡಂತೆ ಆ ಮೂರೂ ಎರಡನೆಯ ಸಾಲಿನ ವಿಷಯಗಳು. ಮೈಸೂರಿನ ಅನುಭವವನ್ನೇ ನೋಡಿ. 2004ರಲ್ಲಿ ಇಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ತಡೆ ಕಾರ್ಯಕ್ರಮ ಆರಂಭವಾದಾಗ ನಡೆಸಿದ ಸಮೀಕ್ಷೆಯಲ್ಲಿ ಶೇ. 26ರಷ್ಟು ಮಹಿಳೆಯರಲ್ಲಿ ಎಚ್‌ಐವಿ, ಶೇ. 25ರಷ್ಟು ಮಹಿಳೆಯರಲ್ಲಿ ಸಿಫಿಲಿಸ್ ಕಂಡುಬಂದಿತ್ತು. ಎರಡು ವರ್ಷಗಳ ನಂತರ ಮತ್ತೆ ಅಳೆದಾಗ ಸಿಫಿಲಿಸ್ ಶೇ. 12ಕ್ಕೆ ಇಳಿದಿತ್ತು, ಟ್ರೈಕೊಮೊನಾಸ್ ಎಂಬ ಲೈಂಗಿಕ ಸೋಂಕು ಶೇ. 33ರಿಂದ 14ಕ್ಕೆ ಬಂದಿತ್ತು. ಎಚ್‌ಐವಿ ಪ್ರಮಾಣ ಮಾತ್ರ ಶೇ. 24ರಲ್ಲಿ, ಅಂದರೆ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ಅದು ಜೀವನಪರ್ಯಂತದ ಸೋಂಕಾದ್ದರಿಂದ ಎರಡು ವರ್ಷದಲ್ಲಿ ಇಳಿಯುವುದಿಲ್ಲ. ಗುಣವಾಗುವ ಸೋಂಕುಗಳು ಅರ್ಧಕ್ಕರ್ಧ ಇಳಿದವು ಎಂದರೆ ಕಾಂಡೋಮ್ ಬಳಕೆಯೂ ಚಿಕಿತ್ಸೆಯೂ ನಿಜವಾಗಿ ನಡೆಯುತ್ತಿದ್ದವು ಎಂದರ್ಥ.

ಈ ಬದಲಾವಣೆಯ ಹಿಂದೆ ಇದ್ದದ್ದು ಹೊಸ ಔಷಧವಲ್ಲ. ಕ್ಲಿನಿಕ್ ಎಲ್ಲಿರಬೇಕು, ಯಾವ ಹೊತ್ತಿಗೆ ತೆರೆಯಬೇಕು, ಬಾಗಿಲಲ್ಲಿ ಯಾರು ಕೂರಬೇಕು ಎಂಬುದನ್ನು ಆ ಮಹಿಳೆಯರೇ ತೀರ್ಮಾನಿಸುವಂತಾಯಿತು. ಅವರ ಸಂಘವಾದ ಆಶೋದಯ ಸಮಿತಿ ಮುಂದೆ ಕಾರ್ಯಕ್ರಮವನ್ನೇ ವಹಿಸಿಕೊಂಡಿತು. ಪೊಲೀಸರಿಂದ ತೊಂದರೆಯಾದರೆ ಹೊತ್ತಲ್ಲದ ಹೊತ್ತಿನಲ್ಲೂ ಓಡಿಬರುವ ತಂಡವನ್ನು ಕಟ್ಟಿಕೊಂಡಿತು. ಸರ್ಕಾರಿ ಆಸ್ಪತ್ರೆಗೆ ಹೋಗಲು ಹಿಂಜರಿಯುವವರ ಜೊತೆ ತನ್ನ ಸದಸ್ಯೆಯರನ್ನೇ ಕಳುಹಿಸಿತು. ಹಾಗಾದರೆ ವಿಸ್ತರಣೆ ಎಂದರೆ ಈ ಮಾದರಿಯನ್ನು ಹೆಚ್ಚಿಸುವುದೋ, ಇರುವ ಆರೋಗ್ಯ ಕೇಂದ್ರಗಳಿಗೆ ಇನ್ನೊಂದು ಸೇವೆಯನ್ನು ಜೋಡಿಸುವುದೋ? ನನ್ನ ಒಲವು ಮೊದಲನೆಯದರ ಕಡೆಗಿದೆ. ಒಪ್ಪದವರ ವಾದವನ್ನು ಕೇಳುವ ಆಸೆಯಿಂದಲೇ ಇದನ್ನು ಇಲ್ಲಿ ಇಟ್ಟಿದ್ದೇನೆ.

ಲೆಕ್ಕಿಗ, ಹುಬ್ಬಳ್ಳಿ

ಹಿರಿಯರ ಅನುಭವಕ್ಕೆ ಗೌರವವಿಟ್ಟುಕೊಂಡೇ ನನ್ನ ಅನುಮಾನಗಳನ್ನು ಹೇಳುತ್ತೇನೆ. 2022ರ ಡಿಸೆಂಬರ್‌ನಿಂದ ರಾಜ್ಯದ ನಗರಗಳಲ್ಲಿ ‘ನಮ್ಮ ಕ್ಲಿನಿಕ್’ಗಳು ತೆರೆಯುತ್ತಿವೆ. ಅಲ್ಲಿ ವೈದ್ಯರು, ಶುಶ್ರೂಷಕಿ, ಪ್ರಯೋಗಾಲಯ ತಂತ್ರಜ್ಞರು ಇದ್ದಾರೆ. ಸಕ್ಕರೆ ಕಾಯಿಲೆಗೆ ರಕ್ತ ಕೊಡುವ ವ್ಯಕ್ತಿಯ ಬೆರಳಿನಿಂದಲೇ ಎಚ್‌ಐವಿ ಪರೀಕ್ಷೆಗೂ ಎರಡು ಹನಿ ತೆಗೆದುಕೊಳ್ಳಬಹುದು. ಪ್ರತ್ಯೇಕ ಕ್ಲಿನಿಕ್ ಕಟ್ಟಿದರೆ ಅದರ ಮೆಟ್ಟಿಲು ಹತ್ತಿದವರೆಲ್ಲರನ್ನೂ ಬೀದಿ ಗುರುತಿಸುತ್ತದೆ. ಎಲ್ಲರಿಗೂ ಇರುವ ಕ್ಲಿನಿಕ್‌ನಲ್ಲಿ ಯಾರು ಯಾವುದಕ್ಕೆ ಬಂದರು ಎಂಬುದು ತಿಳಿಯುವುದಿಲ್ಲ. ಗೋಪ್ಯತೆಯ ದೃಷ್ಟಿಯಿಂದಲೇ ಎರಡನೆಯ ದಾರಿ ಮೇಲಲ್ಲವೇ?

ಇನ್ನೊಂದು ಮಾತು. ಸಂಘ ಸಂಸ್ಥೆಗಳ ಮೂಲಕ ಹಣ ಹರಿದಾಗ ಅದರ ಲೆಕ್ಕ ಕೇಳುವವರು ಯಾರು? ಸರ್ಕಾರಿ ಕೇಂದ್ರದಲ್ಲಿ ಕೆಲಸ ಸರಿಯಿಲ್ಲದಿದ್ದರೆ ಶಾಸಕರಿಗಾದರೂ ದೂರಬಹುದು. ತೆರಿಗೆ ಕೊಡುವವನ ಪ್ರಶ್ನೆ ಇದು. ಸೋಂಕಿತರ ಬಗ್ಗೆ ತಾತ್ಸಾರದಿಂದ ಕೇಳುತ್ತಿಲ್ಲ.

ಘಟಪ್ರಭಾ, ಆಪ್ತ ಸಮಾಲೋಚಕಿ

ಲೆಕ್ಕಿಗ ಅವರೇ, ನಿಮ್ಮ ಮೊದಲ ವಾದ ಕೇಳಲು ಬಹಳ ಸರಿಯಾಗಿದೆ. ನಮ್ಮ ಭಾಗದಲ್ಲಿ ಅದು ನಡೆಯುವ ಬಗೆಯನ್ನು ಹೇಳುತ್ತೇನೆ.

ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಲ್ಲಿ ಎಚ್‌ಐವಿ ನಗರದ ಕಾಯಿಲೆಯಾಗಿ ಬರಲೇ ಇಲ್ಲ. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲಿಯೇ ಸೋಂಕಿನ ಪ್ರಮಾಣ ಶೇ. 3ರ ಆಸುಪಾಸಿನಲ್ಲಿತ್ತು, ಅದೂ ಹಳ್ಳಿಗಳನ್ನು ಒಳಗೊಂಡು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಅದರ ಬಾಳು ಕಂಡ ಕುಟುಂಬಗಳು ಇಲ್ಲಿವೆ. ಮಳೆ ಕೈಕೊಟ್ಟಾಗ ಗೋವಾ, ಪುಣೆ, ಮುಂಬೈಗಳಿಗೆ ದುಡಿಯಲು ಹೋಗಿ ಹಬ್ಬಕ್ಕೆ ಮರಳುವ ಗಂಡಸರಿದ್ದಾರೆ. ಆ ಗಂಡಸಿನ ಹೆಂಡತಿ ಯಾವ ‘ಅಪಾಯದ ಗುಂಪಿನ’ ಪಟ್ಟಿಯಲ್ಲಿಯೂ ಬರುವುದಿಲ್ಲ. ಬಸುರಿಯಾದಾಗ ಮಾಡುವ ಪರೀಕ್ಷೆಯಲ್ಲಿ ಮೊದಲ ಬಾರಿಗೆ ವಿಷಯ ತಿಳಿಯುತ್ತದೆ.

ಈಗ ಗೋಪ್ಯತೆಗೆ ಬರೋಣ. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಒಬ್ಬರನ್ನೊಬ್ಬರು ಗೊತ್ತು. ಹೆಸರು ಬರೆದುಕೊಳ್ಳುವವರು ಅತ್ತೆಯ ಊರಿನವರಾಗಿರುತ್ತಾರೆ. ಆಶಾ ಕಾರ್ಯಕರ್ತೆ ಪಕ್ಕದ ಮನೆಯವರು. ಆದ್ದರಿಂದ ಮುಧೋಳದವರು ವಿಜಯಪುರಕ್ಕೂ ವಿಜಯಪುರದವರು ಸೊಲ್ಲಾಪುರಕ್ಕೂ ಪರೀಕ್ಷೆಗೆ ಹೋಗುತ್ತಾರೆ. ಎಲ್ಲರಿಗೂ ಇರುವ ಕೇಂದ್ರ ಎನ್ನುವುದೇ ಹಳ್ಳಿಯವರಿಗೆ ಎಲ್ಲರೂ ನೋಡುವ ಕೇಂದ್ರ. ಹೋಗದೆ ಉಳಿದವರು ಯಾರ ಕೈಗೆ ಸಿಗುತ್ತಾರೆ ಎಂಬುದನ್ನು ನಮ್ಮ ಬಸ್ ನಿಲ್ದಾಣಗಳ ಗೋಡೆಗಳು ಹೇಳುತ್ತವೆ. ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಕೊಠಡಿ ಹಿಡಿದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ‘ಗುಪ್ತರೋಗ’ಕ್ಕೆ ಭಸ್ಮವನ್ನೂ ಲೇಹ್ಯವನ್ನೂ ಸಾವಿರಗಟ್ಟಲೆ ರೂಪಾಯಿಗೆ ಮಾರುವವರು ನಮ್ಮೆಲ್ಲರಿಗಿಂತ ಮೊದಲೇ ಗೋಪ್ಯತೆಯ ಬೆಲೆಯನ್ನು ಅರಿತುಕೊಂಡಿದ್ದಾರೆ.

ಮಾಜಿ ದೇವದಾಸಿಯರ ಸಂಘ ನಡೆಸುವ ಕೋಣೆಗೆ ಹೆಂಗಸರು ಬೇರೆ ಹತ್ತು ಕಾರಣಗಳಿಗೂ ಬರುತ್ತಾರೆ: ಪಿಂಚಣಿ ಅರ್ಜಿ ತುಂಬಿಸಲು, ಮಗಳ ಶಾಲೆಯ ದಾಖಲಾತಿ ಕೇಳಲು, ಮಧ್ಯಾಹ್ನ ಸ್ವಲ್ಪ ಒರಗಲು. ಅಲ್ಲಿ ವಾರಕ್ಕೆರಡು ಸಂಜೆ ವೈದ್ಯರು ಬಂದು ಕುಳಿತರೆ ಅದು ಕ್ಲಿನಿಕ್ ಆಗುತ್ತದೆ. ಯಾರನ್ನೂ ಗುರುತಿಸಿ ಬೊಟ್ಟು ಮಾಡಲು ಆಗುವುದಿಲ್ಲ. ನೀವು ಕೇಳುವ ಗೋಪ್ಯತೆ ಅಂಥ ಕೋಣೆಯಲ್ಲಿಯೇ ಹೆಚ್ಚು ಸಿಗುತ್ತದೆ ಎಂಬುದು ನನ್ನ ಅನುಭವ. ಏಡ್ಸ್ ಕಾರ್ಯಕ್ರಮದ ಹಳ್ಳಿ ಮಟ್ಟದ ಕಾರ್ಯಕರ್ತರಾದ ಲಿಂಕ್ ವರ್ಕರ್‌ಗಳು ಹಳ್ಳಿಗಳಿಂದ ಜನರನ್ನು ಕರೆತರಬೇಕಾದಾಗ ತಾಲ್ಲೂಕು ಆಸ್ಪತ್ರೆಗಿಂತ ಇಂಥ ಜಾಗಕ್ಕೆ ಕರೆತರುವುದು ಸುಲಭ.

ಚರ್ಮವೈದ್ಯ

ನಾನು ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗದಲ್ಲಿ ಕೆಲಸ ಮಾಡುವವನು. ಕ್ಲಿನಿಕ್‌ ಯಾರದು ಎಂಬ ಪ್ರಶ್ನೆಯ ಜೊತೆಗೆ ಕ್ಲಿನಿಕ್‌ನಲ್ಲಿ ಏನು ನಡೆಯುತ್ತದೆ ಎಂಬುದನ್ನೂ ಕೇಳಬೇಕು.

ಲೈಂಗಿಕ ಸೋಂಕಿನ ಚಿಕಿತ್ಸೆಗೂ ಎಚ್‌ಐವಿ ತಡೆಗೂ ಇರುವ ನಂಟು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಜನನಾಂಗದ ಹುಣ್ಣು ಅಥವಾ ಉರಿಯೂತ ಇದ್ದಾಗ ವೈರಾಣು ಒಳಹೊಗುವುದು ಸುಲಭವಾಗುತ್ತದೆ. ಸೋಂಕಿತರಲ್ಲಿ ಅದು ಹೊರಬರುವ ಪ್ರಮಾಣವೂ ಹೆಚ್ಚುತ್ತದೆ. ಆದ್ದರಿಂದಲೇ ರಾಷ್ಟ್ರೀಯ ಕಾರ್ಯಕ್ರಮವು ಬೇರೆ ಬೇರೆ ಬಣ್ಣದ ಔಷಧ ಕಿಟ್‌ಗಳ ವ್ಯವಸ್ಥೆಯನ್ನು ತಂದಿತು. ಮೂತ್ರನಾಳ ಅಥವಾ ಗರ್ಭಕಂಠದ ಸ್ರಾವಕ್ಕೆ ಬೂದು ಕಿಟ್, ಯೋನಿಯ ಉರಿಯೂತಕ್ಕೆ ಹಸಿರು, ಹರ್ಪಿಸ್ ಹುಣ್ಣಿಗೆ ಕೆಂಪು, ಕೆಳಹೊಟ್ಟೆ ನೋವಿಗೆ ಹಳದಿ. ಲಕ್ಷಣ ನೋಡಿ, ಪ್ರಯೋಗಾಲಯಕ್ಕೆ ಕಾಯದೆ, ಅದೇ ಭೇಟಿಯಲ್ಲಿ ಔಷಧ ಕೊಟ್ಟು ಕಳುಹಿಸುವ ಈ ಕ್ರಮ ಬಡ ದೇಶಗಳಿಗೆ ದೊಡ್ಡ ಉಪಕಾರ ಮಾಡಿದೆ. ನಾಳೆ ಬಾ ಎಂದರೆ ಕೂಲಿ ಕಳೆದುಕೊಳ್ಳುವವರು ನಾಳೆ ಬರುವುದಿಲ್ಲ.

ಆದರೆ ಲಕ್ಷಣವೇ ಇಲ್ಲದವರಿಗೆ ಕಿಟ್ ಇಲ್ಲ. ಹೆಂಗಸರಲ್ಲಿ ಕ್ಲಮಿಡಿಯಾ, ಗೊನೊರಿಯಾಗಳು ಬಹುಪಾಲು ಸದ್ದಿಲ್ಲದೆ ಇರುತ್ತವೆ. ಗಂಡಸರ ಗುದದ್ವಾರ ಮತ್ತು ಗಂಟಲಿನ ಸೋಂಕುಗಳೂ ಹಾಗೆಯೇ. ಬಿಳಿ ಹೋಗುವ ಹೆಂಗಸರಲ್ಲಿ ಅನೇಕರಿಗೆ ಲೈಂಗಿಕ ಸೋಂಕೇ ಇರುವುದಿಲ್ಲ, ಆದರೂ ಆ್ಯಂಟಿಬಯಾಟಿಕ್ ನುಂಗುತ್ತಾರೆ. ಗೊನೊರಿಯಾ ಒಂದೊಂದೇ ಔಷಧವನ್ನು ಸೋಲಿಸುತ್ತ ಬಂದಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೊಸ ಕ್ಲಿನಿಕ್‌ಗಳಿಗೆ ಹಣ ಕೊಡುವುದಾದರೆ ಕಿಟ್‌ಗಳ ಜೊತೆಗೆ ಮಾದರಿಯನ್ನು ಸಂಗ್ರಹಿಸಿ ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಗೂ ಕೊಡಿ ಎಂಬುದು ನನ್ನ ಒತ್ತಾಯ. ಸಿಫಿಲಿಸ್ ಮತ್ತು ಎಚ್‌ಐವಿ ಎರಡನ್ನೂ ಒಂದೇ ಬೆರಳುಚುಚ್ಚಿನಲ್ಲಿ ತೋರಿಸುವ ಪರೀಕ್ಷಾ ಪಟ್ಟಿಗಳು ಬಂದಿರುವುದರಿಂದ ಆ ಭಾಗವನ್ನು ತರಬೇತಿ ಪಡೆದ ಸಮುದಾಯದವರೇ ಮಾಡಬಹುದು. ಎಚ್‌ಐವಿಯ ಮೊದಲ ಪರೀಕ್ಷೆ ಪಾಸಿಟಿವ್ ಸೂಚನೆ ಕೊಟ್ಟರೆ ಮಾತ್ರ ಖಚಿತಪಡಿಸಲು ಐಸಿಟಿಸಿಗೆ ಕಳುಹಿಸಿದರಾಯಿತು. ಹೊಸದಾಗಿ ತಗುಲಿದ ಸೋಂಕು ಪರೀಕ್ಷಾ ಪಟ್ಟಿಯಲ್ಲಿ ಕಾಣಿಸದೆ ಹೋಗಬಹುದಾದ್ದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ಬರಬೇಕೆಂದು ಹೇಳುವುದನ್ನು ಯಾರೂ ಮರೆಯಬಾರದು.

ಇನ್ನು ಉಚಿತ ಎಂಬ ಮಾತು. ಕಪಾಟಿನಲ್ಲಿ ಔಷಧ ಇದ್ದರೆ ಮಾತ್ರ ಅದಕ್ಕೆ ಅರ್ಥವಿದೆ. 2022ರ ಜುಲೈನಲ್ಲಿ ಎಆರ್‌ಟಿ ಮಾತ್ರೆಗಳ ಕೊರತೆಯಿಂದಾಗಿ ಸೋಂಕಿತರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋ ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕುಳಿತಿದ್ದರು. ವಿಸ್ತರಣೆಯ ಯೋಜನೆ ಬರೆಯುವವರು ದಾಸ್ತಾನಿನ ಪುಟವನ್ನು ಮೊದಲು ಬರೆಯಲಿ.

ಹೆಸರು ಬೇಡ, ಬೆಂಗಳೂರು

ಇಲ್ಲಿಯವರೆಗಿನ ಮಾತು ಬಹುಮಟ್ಟಿಗೆ ಮಹಿಳೆಯರ ಸುತ್ತ ನಡೆದಿದೆ. ಗಂಡಸರನ್ನು ಪ್ರೀತಿಸುವ ಗಂಡಸು ನಾನು. ನನ್ನಂಥವರಿಗಾಗಿ ಸರ್ಕಾರಿ ಕಾರ್ಯಕ್ರಮ ಇಲ್ಲವೆಂದಲ್ಲ. ಅದು ಉದ್ಯಾನ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯಗಳ ಬಳಿ ಅದೇ ಸಮುದಾಯದವರಾದ ಪೀರ್ ಕಾರ್ಯಕರ್ತರು ಭೇಟಿಯಾಗುವ ಕಾಲಕ್ಕೆ ಹೊಲಿಸಿದ ಅಂಗಿ. ಈಗ ಪರಿಚಯವಾಗುವುದು ಮೊಬೈಲ್ ಆ್ಯಪ್‌ಗಳಲ್ಲಿ. ಐಟಿ ಕಂಪನಿಯ ಉದ್ಯೋಗಿ, ಬೈಕ್‌ನಲ್ಲಿ ಊಟ ತಲುಪಿಸುವ ಹುಡುಗ, ಎರಡು ಮಕ್ಕಳ ತಂದೆ, ಇವರಲ್ಲಿ ಯಾರೂ ಪೀರ್ ಕಾರ್ಯಕರ್ತರ ಕಣ್ಣಿಗೆ ಬೀಳುವುದಿಲ್ಲ. ಕ್ಲಿನಿಕ್‌ಗೆ ಹೋದರೆ ಮೊದಲು ತುಂಬಬೇಕಾದ ನಮೂನೆಯಲ್ಲಿ ಯಾವ ಗುಂಪಿಗೆ ಸೇರಿದವರು ಎಂಬ ಅಂಕಣವಿರುತ್ತದೆ. ಆ ಅಂಕಣವನ್ನು ಕಂಡು ಎದ್ದುಹೋದವರನ್ನು ನಾನು ಬಲ್ಲೆ.

2018ರ ಸೆಪ್ಟೆಂಬರ್‌ನಲ್ಲಿ ಎರಡು ಸಂಗತಿಗಳು ಕೆಲವೇ ದಿನಗಳ ಅಂತರದಲ್ಲಿ ನಡೆದವು. ಆರನೆಯ ತಾರೀಖು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು 377ನೆಯ ಕಲಮಿನಿಂದ ಹೊರತಂದಿತು. ಹತ್ತನೆಯ ತಾರೀಖು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಜಾರಿಗೆ ಬಂತು. ತಿಳಿಸಿ ಪಡೆದ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಹಿರಂಗಪಡಿಸುವಂತಿಲ್ಲ, ಕಾಂಡೋಮ್ ಹಂಚುವಂಥ ತಡೆ ಕೆಲಸಕ್ಕಾಗಿ ಯಾರ ಮೇಲೂ ಮೊಕದ್ದಮೆ ಹೂಡುವಂತಿಲ್ಲ ಎಂದು ಆ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಕಾಯ್ದೆ ಓದಿದವರು ಕ್ಲಿನಿಕ್‌ನ ಹೊರಗಿದ್ದಾರೆ, ಒಳಗೆ ಕೂತವರಿಗೆ ಅದರ ಪ್ರತಿ ತಲುಪಿಲ್ಲ ಎಂದು ನನಗೆ ಅನೇಕ ಬಾರಿ ಅನ್ನಿಸಿದೆ. ನಗರದ ಒಂದು ಆಸ್ಪತ್ರೆಯಲ್ಲಿ ನನ್ನ ಉತ್ತರಗಳನ್ನು ಕೇಳಿಸಿಕೊಂಡ ಸಿಬ್ಬಂದಿ ಇನ್ನಿಬ್ಬರನ್ನು ಕರೆದು, ನೋಡಲು ಹೀಗೆ ಕಾಣುವುದಿಲ್ಲವಲ್ಲ ಎಂದು ನನ್ನೆದುರಿಗೇ ಆಶ್ಚರ್ಯಪಟ್ಟರು. ಮರುದಿನದಿಂದ ಖಾಸಗಿ ಪ್ರಯೋಗಾಲಯಕ್ಕೆ ಹಣ ಕೊಡುವವನಾದೆ. ಹಣ ಇಲ್ಲದವನು ಏನು ಮಾಡಬೇಕು?

ಸೋಂಕು ತಗುಲದಂತೆ ಮುಂಚಿತವಾಗಿಯೇ ನುಂಗುವ ತಡೆಮಾತ್ರೆಯ, ಅಂದರೆ ಪ್ರೆಪ್‌ನ ಪ್ರಶ್ನೆಯೂ ಇದೇ. ವಿಶ್ವ ಆರೋಗ್ಯ ಸಂಸ್ಥೆ ಅಪಾಯ ಹೆಚ್ಚಿರುವ ಎಲ್ಲರಿಗೂ ಅದನ್ನು ಶಿಫಾರಸು ಮಾಡಿದ್ದು 2015ರಲ್ಲಿ. ಮಾತ್ರೆಯ ಜೆನೆರಿಕ್ ರೂಪವನ್ನು ತಯಾರಿಸಿ ಜಗತ್ತಿಗೆ ಕಳುಹಿಸುವವರಲ್ಲಿ ನಮ್ಮ ದೇಶದ ಕಂಪನಿಗಳು ಮುಂದಿವೆ. ಇಲ್ಲಿ ಮಾತ್ರ ಅದು ಗೊತ್ತಿದ್ದವರು, ಕೊಳ್ಳಬಲ್ಲವರು, ಕೇಳಲು ಹೆದರದವರು ಬಳಸುವ ವಸ್ತುವಾಗಿಯೇ ಉಳಿದಿದೆ. ಶುರು ಮಾಡುವ ಮೊದಲು ಎಚ್‌ಐವಿ ಇಲ್ಲವೆಂದು ಖಚಿತಪಡಿಸಬೇಕು, ಮೂತ್ರಪಿಂಡ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು, ನಂತರ ಮೂರು ತಿಂಗಳಿಗೊಮ್ಮೆ ಬರಬೇಕು. ಮೂರು ತಿಂಗಳಿಗೊಮ್ಮೆ ಅವಮಾನಪಡಲು ಯಾರೂ ಬರುವುದಿಲ್ಲ.

ಥೇಮ್ಸ್ ದಂಡೆ, ಲಂಡನ್

ಹಾಸನ ಜಿಲ್ಲೆಯವನು, ಇಲ್ಲಿನ ಆರೋಗ್ಯ ಸೇವೆಯಲ್ಲಿ ಶುಶ್ರೂಷಕನಾಗಿದ್ದೇನೆ. ಈ ಚರ್ಚೆಗೆ ಪ್ರಸ್ತುತವಾದ ಒಂದು ಹಳೆಯ ಇತಿಹಾಸವಿದೆ. ಬ್ರಿಟನ್ 1864ರಲ್ಲಿ ಸೈನಿಕರನ್ನು ಲೈಂಗಿಕ ರೋಗಗಳಿಂದ ಕಾಪಾಡುವ ಹೆಸರಿನಲ್ಲಿ ಮಹಿಳೆಯರನ್ನು ಬಲವಂತವಾಗಿ ತಪಾಸಣೆ ಮಾಡಿ ಕೂಡಿಹಾಕುವ ಕಾಯ್ದೆ ತಂದಿತು; ಅದರ ಭಾರತೀಯ ರೂಪ 1868ರಲ್ಲಿ ಬಂತು. ಬೆಂಗಳೂರು ದಂಡುಪ್ರದೇಶದಲ್ಲಿಯೂ ಅಂಥ ‘ಲಾಕ್ ಆಸ್ಪತ್ರೆ’ ಇತ್ತು. ಹೆಂಗಸರು ತಲೆಮರೆಸಿಕೊಂಡರು, ರೋಗ ಇಳಿಯಲಿಲ್ಲ, ಎರಡೂ ಕಡೆ 1880ರ ದಶಕದಲ್ಲಿ ಕಾಯ್ದೆಗಳು ರದ್ದಾದವು. ಅದೇ ಬ್ರಿಟನ್ 1916ರಲ್ಲಿ ಪೂರ್ತಿ ಬೇರೆ ದಾರಿ ಹಿಡಿಯಿತು. ಸ್ಥಳೀಯ ಆಡಳಿತಗಳು ಉಚಿತವೂ ಗೋಪ್ಯವೂ ಆದ ಕ್ಲಿನಿಕ್‌ಗಳನ್ನು ತೆರೆಯಬೇಕು, ವೆಚ್ಚದ ಶೇ. 75ನ್ನು ಕೇಂದ್ರ ಸರ್ಕಾರ ಕೊಡುತ್ತದೆ, ಬರುವುದು ಬಿಡುವುದು ಜನರ ಇಷ್ಟ. ಇಂದಿನ ಇಲ್ಲಿನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳ ಬುನಾದಿ ಅದು. ಕುಟುಂಬ ವೈದ್ಯರ ಪತ್ರ ಬೇಕಿಲ್ಲ. ವೀಸಾ ಏನೆಂದು ಕೇಳಿ ಎಚ್‌ಐವಿ ಚಿಕಿತ್ಸೆಗೆ ಶುಲ್ಕ ವಿಧಿಸುವುದೂ 2012ರಲ್ಲಿ ನಿಂತಿತು. ಓದಲು ಬಂದಿರುವ ಕನ್ನಡದ ಹುಡುಗ ಹುಡುಗಿಯರಿಗೆ ಈ ಸಂಗತಿ ತಿಳಿದಿರಲಿ.

ಲಂಡನ್‌ನ ಸೋಹೊ ಪ್ರದೇಶದ 56 ಡೀನ್ ಸ್ಟ್ರೀಟ್ ಎಂಬ ಕ್ಲಿನಿಕ್‌ನಲ್ಲಿ 2015ರ ನಂತರ ಗಂಡಸರಲ್ಲಿ ಪತ್ತೆಯಾಗುವ ಹೊಸ ಎಚ್‌ಐವಿ ಪ್ರಕರಣಗಳು ಗಣನೀಯವಾಗಿ ಇಳಿದವು. ಪದೇ ಪದೇ ಪರೀಕ್ಷೆ, ಪತ್ತೆಯಾದ ಕೂಡಲೇ ಚಿಕಿತ್ಸೆ, ಮತ್ತು ಸರ್ಕಾರ 2020ರಲ್ಲಿ ಪ್ರೆಪ್ ಅನ್ನು ಎಲ್ಲೆಡೆ ಉಚಿತಗೊಳಿಸುವ ಮೊದಲೇ ಜನರು ತಾವಾಗಿ ಅದನ್ನು ತರಿಸಿಕೊಂಡದ್ದು ಇದಕ್ಕೆ ಕಾರಣಗಳು. ಮಾತ್ರೆ ತಾವೇ ತರಿಸಿಕೊಂಡವರಿಗೂ ಕ್ಲಿನಿಕ್ ಬೈಯದೆ ತಪಾಸಣೆ ಮಾಡಿತು ಎಂಬುದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಆದರೆ ಇಲ್ಲಿನ ಚಿತ್ರವೂ ನಯವಾಗಿಲ್ಲ. 2013ರಲ್ಲಿ ಈ ಕ್ಲಿನಿಕ್‌ಗಳ ಹೊಣೆ ನಗರಾಡಳಿತಗಳಿಗೆ ಹೋದ ಮೇಲೆ ಅನುದಾನ ಕುಗ್ಗುತ್ತ ಬಂದು, ಸಮಯ ಸಿಗದೆ ಜನ ಹಿಂತಿರುಗುವುದನ್ನು ನೋಡಿದ್ದೇನೆ.

ಲೆಕ್ಕಿಗ, ಹುಬ್ಬಳ್ಳಿ

ಘಟಪ್ರಭಾ ಮೇಡಂ ಅವರ ಹಳ್ಳಿಯ ವಿವರಣೆಯಿಂದ ಗೋಪ್ಯತೆಯ ಬಗೆಗಿನ ನನ್ನ ವಾದ ನಗರಕ್ಕೆ ಸೀಮಿತವೆಂದು ತೋರುತ್ತದೆ. ಹಣದ ಪ್ರಶ್ನೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಹೈದರಾಬಾದ್‌ನಲ್ಲಿ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೇ ನಡೆಸುವ ‘ಮಿತ್ರ್’ ಕ್ಲಿನಿಕ್ ಅಮೆರಿಕದ ನೆರವಿನಿಂದ ಆರಂಭವಾಯಿತು. ಪುಣೆ ಮತ್ತು ಕಲ್ಯಾಣದಲ್ಲಿಯೂ ಅದರ ಶಾಖೆಗಳಿದ್ದವು. 2025ರ ಆರಂಭದಲ್ಲಿ ಆ ನೆರವು ನಿಂತ ಕೂಡಲೇ ಮೂರೂ ಮುಚ್ಚಿದವು. ಸಮುದಾಯದ ಕ್ಲಿನಿಕ್ ಎಷ್ಟೇ ಒಳ್ಳೆಯದಿರಲಿ, ಇನ್ನೊಂದು ದೇಶದ ಚುನಾವಣೆಯ ಫಲಿತಾಂಶದ ಮೇಲೆ ಅದರ ಬಾಗಿಲು ತೆರೆಯುವುದಾದರೆ ಅದನ್ನು ನೀತಿ ಎನ್ನಬಹುದೇ?

ಹಳೆಯ ಆರೋಗ್ಯ ಶಿಕ್ಷಕ, ಮೈಸೂರು

ಒಳ್ಳೆಯ ಪ್ರಶ್ನೆ. ಹೈದರಾಬಾದ್‌ನ ಕ್ಲಿನಿಕ್ ನಂತರ ದೇಶದೊಳಗಿನ ದತ್ತಿ ನೆರವಿನಿಂದ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು ಎಂಬುದನ್ನು ಸೇರಿಸುತ್ತೇನೆ. ನಿಮ್ಮ ವಾದವೇನೂ ಅದರಿಂದ ಬೀಳುವುದಿಲ್ಲ.

ಕರ್ನಾಟಕ ಈ ಪಾಠವನ್ನು ಹತ್ತು ವರ್ಷ ಮೊದಲೇ ಕಲಿತಿತ್ತು. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ 2003ರಲ್ಲಿ ಆರು ರಾಜ್ಯಗಳಲ್ಲಿ ಆರಂಭವಾಯಿತು, ನಮ್ಮದೂ ಅವುಗಳಲ್ಲಿ ಒಂದು. ಮೊದಲ ಐದು ವರ್ಷಗಳಲ್ಲಿ ಅದು ಸುಮಾರು ಒಂದು ಲಕ್ಷ ಸೋಂಕುಗಳನ್ನು ತಡೆದಿರಬಹುದೆಂಬ ಅಂದಾಜು 2011ರಲ್ಲಿ ಪ್ರಕಟವಾಯಿತು. ಆಮೇಲೆ ಹಂತಹಂತವಾಗಿ ಕಾರ್ಯಕ್ರಮವನ್ನು ಸರ್ಕಾರಕ್ಕೆ ಒಪ್ಪಿಸಿದರು. ಹಣ ನಿಲ್ಲದೆ ಹಸ್ತಾಂತರವಾದದ್ದು ದೊಡ್ಡ ಸಾಧನೆಯೇ. ಆದರೆ ಸರ್ಕಾರಿ ವೆಚ್ಚದ ಮಿತಿ ಚಿಕ್ಕದು. ಸಂಘದ ಸ್ವಂತ ಕ್ಲಿನಿಕ್ ಇದ್ದ ಅನೇಕ ಕಡೆ ಗೊತ್ತುಪಡಿಸಿದ ಖಾಸಗಿ ವೈದ್ಯರಿಗೂ ಸರ್ಕಾರಿ ಆಸ್ಪತ್ರೆಗೂ ಚೀಟಿ ಬರೆದು ಕಳುಹಿಸುವ ಕ್ರಮ ಬಂತು. ಮೂರು ತಿಂಗಳಿಗೊಮ್ಮೆ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಎಂಬ ನಿಯಮ ಕಾಗದದಲ್ಲಿ ಹಾಗೆಯೇ ಉಳಿಯಿತು, ಪೀರ್ ಕಾರ್ಯಕರ್ತೆಯರ ಕೆಲಸ ಮಾತ್ರ ಗುರಿ ಮುಟ್ಟಿಸುವ ಅಂಕಿಗಳ ಬೆನ್ನಟ್ಟುವುದಾಗಿ ಕುಗ್ಗಿತು.

ಆದ್ದರಿಂದ ಹಣ ಸರ್ಕಾರದ್ದೇ ಇರಲಿ, ಕೀಲಿಕೈ ಸಂಘದ ಬಳಿ ಇರಲಿ ಎನ್ನುತ್ತೇನೆ. ಹೀಗೆ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಪ್ರೆಪ್ ಪ್ರಯೋಗವೇ ಸಾಕ್ಷಿ. ಕೋಲ್ಕತ್ತದ ಸೋನಾಗಾಛಿ ಮತ್ತು ಮೈಸೂರು-ಮಂಡ್ಯ ಎರಡು ಕಡೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರ ಸಂಘಗಳೇ ಅದನ್ನು ನಡೆಸಿದವು. ಒಂದೊಂದು ಕಡೆಯೂ 600ಕ್ಕೂ ಹೆಚ್ಚು ಮಹಿಳೆಯರು ಸೇರಿದರು. ಆರಂಭಕ್ಕೆ ಮೊದಲೇ ಮಹಿಳೆಯರು ಸಭೆ ಸೇರಿ, ಮಾತ್ರೆ ಬಂದರೆ ಗಿರಾಕಿಗಳು ಕಾಂಡೋಮ್ ಬೇಡವೆನ್ನುವುದಿಲ್ಲವೇ, ಮಾತ್ರೆಯ ಡಬ್ಬಿ ಕಂಡವರು ನಮಗೆ ಏಡ್ಸ್ ಇದೆ ಎಂದುಕೊಳ್ಳುವುದಿಲ್ಲವೇ ಎಂಬ ಪ್ರಶ್ನೆಗಳನ್ನು ತಾವೇ ಎತ್ತಿ ಚರ್ಚಿಸಿದ್ದರು. ಬಹುಪಾಲು ಮಹಿಳೆಯರು ಕೊನೆಯವರೆಗೂ ಉಳಿದರು. ಕಾಂಡೋಮ್ ಬಳಕೆ ಕುಸಿಯಲಿಲ್ಲ. ಭಾಗವಹಿಸಿದವರಲ್ಲಿ ಹೊಸ ಎಚ್‌ಐವಿ ಸೋಂಕು ಕಂಡುಬರಲಿಲ್ಲ. ಬೇರೆ ದೇಶಗಳ ಎಷ್ಟೋ ಪ್ರೆಪ್ ಯೋಜನೆಗಳಲ್ಲಿ ಅರ್ಧಕ್ಕರ್ಧ ಜನ ಕೆಲವೇ ತಿಂಗಳಲ್ಲಿ ಬಿಟ್ಟುಹೋದದ್ದನ್ನು ನೆನೆದರೆ ಈ ಫಲಿತಾಂಶದ ತೂಕ ತಿಳಿಯುತ್ತದೆ.

ನಗರಗಳಲ್ಲಿ ನೀವು ಹೇಳುವ ‘ನಮ್ಮ ಕ್ಲಿನಿಕ್’ ಉಪಯೋಗಕ್ಕೆ ಬರಬಹುದು. ಹಗಲಿನ ಅವಧಿ ಮುಗಿದ ಮೇಲೆ ಅದೇ ಕಟ್ಟಡವನ್ನು ವಾರದಲ್ಲಿ ಕೆಲವು ಸಂಜೆ ಸಮುದಾಯ ಸಂಸ್ಥೆಗೆ ಬಿಟ್ಟುಕೊಟ್ಟರೆ ಬಾಡಿಗೆಯೂ ಉಳಿಯುತ್ತದೆ, ಫಲಕವೂ ಯಾರನ್ನೂ ಬಯಲಿಗೆಳೆಯುವುದಿಲ್ಲ.

ಕಾಲೇಜು ಉಪನ್ಯಾಸಕಿ, ಶಿವಮೊಗ್ಗ

ಪಿಯುಸಿ ಓದುವ ಮಕ್ಕಳಿಗೆ ಈ ಕ್ಲಿನಿಕ್‌ಗಳ ಬಾಗಿಲು ತೆರೆದಿರುತ್ತದೆಯೇ? ನಮ್ಮಲ್ಲಿ ಹದಿಹರೆಯದವರಿಗೆಂದು ‘ಸ್ನೇಹ ಕ್ಲಿನಿಕ್’ ಇದೆ, ಆದರೆ ಅಲ್ಲಿ ರಕ್ತಹೀನತೆಯಿಂದಾಚೆಗೆ ಮಾತು ಹೋಗುವುದನ್ನು ನಾನು ಕಂಡಿಲ್ಲ.

ಚರ್ಮವೈದ್ಯ

ಮೇಡಂ, ಇದಕ್ಕೆ ನೆಮ್ಮದಿ ಕೊಡುವ ಉತ್ತರ ನನ್ನ ಬಳಿ ಇಲ್ಲ. ಹದಿನೆಂಟು ತುಂಬದವರ ಎಚ್‌ಐವಿ ಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡ ತೊಡಕು ಪೋಕ್ಸೊ ಕಾಯ್ದೆಯದು. ಹದಿನೆಂಟರೊಳಗಿನವರ ಲೈಂಗಿಕ ಸಂಬಂಧ ಪರಸ್ಪರ ಇಷ್ಟದಿಂದಲೇ ಆಗಿದ್ದರೂ ಕಾನೂನು ಅದನ್ನು ಅಪರಾಧವೆಂದೇ ಎಣಿಸುತ್ತದೆ, ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಹದಿನೇಳು ವರ್ಷದ ಹುಡುಗಿ ಸ್ರಾವವೆಂದು ಬಂದಾಗ ನಾನು ಪ್ರಶ್ನೆ ಕೇಳಿದರೆ ಆಕೆಯ ಗೆಳೆಯ ಜೈಲಿಗೆ ಹೋಗಬಹುದು, ಕೇಳದಿದ್ದರೆ ಚಿಕಿತ್ಸೆ ಅರೆಬರೆಯಾಗುತ್ತದೆ. ಗರ್ಭಪಾತದ ಸಂದರ್ಭದಲ್ಲಿ ಅಪ್ರಾಪ್ತೆಯ ಗುರುತನ್ನು ವೈದ್ಯರು ಬಹಿರಂಗಪಡಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಲೈಂಗಿಕ ಸೋಂಕಿನ ಚಿಕಿತ್ಸೆಗೂ ಅಂಥದೊಂದು ರಕ್ಷಣೆ ಸಿಗುವವರೆಗೆ ಈ ವಯಸ್ಸಿನವರು ಔಷಧದ ಅಂಗಡಿಯವರನ್ನೇ ವೈದ್ಯರೆಂದು ನಂಬುತ್ತಾರೆ. ದೌರ್ಜನ್ಯಕ್ಕೆ ಒಳಗಾದ ಮಗು ಬಂದಾಗ ಮಾತ್ರ ಯಾವ ಚರ್ಚೆಗೂ ಅವಕಾಶವಿಲ್ಲ: 72 ಗಂಟೆಗಳೊಳಗೆ ಆರಂಭಿಸಿ 28 ದಿನ ಕೊಡುವ ಎಚ್‌ಐವಿ ತಡೆಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿದೆ, ವರದಿಯೂ ಆಗಲೇಬೇಕು.

ಘಟಪ್ರಭಾ, ಆಪ್ತ ಸಮಾಲೋಚಕಿ

ಮುಂದೆ ಬರಲಿರುವ ಒಂದು ಸಂಗತಿಯನ್ನು ಗಮನಕ್ಕೆ ತರುತ್ತೇನೆ. ಲೆನಾಕಾಪವಿರ್ ಎಂಬ ಚುಚ್ಚುಮದ್ದನ್ನು ಆರು ತಿಂಗಳಿಗೊಮ್ಮೆ ಪಡೆದರೆ ಸಾಕು, ಪ್ರತಿದಿನ ಮಾತ್ರೆ ನುಂಗಬೇಕಿಲ್ಲ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾಗಳಲ್ಲಿ ಅದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲವೆಂಬ ಫಲಿತಾಂಶ 2024ರಲ್ಲಿ ಬಂತು. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಹೈದರಾಬಾದ್‌ನ ಎರಡು ಕಂಪನಿಗಳು 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್ ಬೆಲೆಯಲ್ಲಿ ಅದರ ಜೆನೆರಿಕ್ ರೂಪವನ್ನು ಒದಗಿಸುವ ಒಪ್ಪಂದಗಳಾಗಿವೆ. ಮನೆಯಲ್ಲಿ ಡಬ್ಬಿ ಬಚ್ಚಿಡಲಾಗದ ಹೆಂಗಸರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂದು ನಾನು ವಿವರಿಸಬೇಕಿಲ್ಲ. ಆದರೆ ಸುಗ್ಗಿಗೆ ಊರಿನಲ್ಲಿದ್ದು ಆಮೇಲೆ ಗೋವಾಕ್ಕೆ ಹೋಗುವ ಹೆಂಗಸಿಗೆ ಎರಡನೆಯ ಚುಚ್ಚುಮದ್ದಿನ ತಾರೀಖನ್ನು ನೆನಪಿಸಿ, ಅಲ್ಲಿಯೇ ಅದನ್ನು ಕೊಡಿಸಬೇಕಾದವರು ಯಾರು? ಊರಿನ ಸಂಘ ಗೋವಾದ ಸಂಘಕ್ಕೆ ಫೋನ್ ಮಾಡಿದರೆ ಆಗುವ ಕೆಲಸ ಅದು. ಅಂಥ ಸಂಘಗಳನ್ನು ಔಷಧ ಬಂದ ಮೇಲೆ ಹುಡುಕಿದರೆ ಸಿಗುವುದಿಲ್ಲ, ಈಗಿನಿಂದಲೇ ಉಳಿಸಿಕೊಳ್ಳಬೇಕು.

ಪೊಲೀಸರ ವಿಷಯವನ್ನೂ ಸೇರಿಸಿ. ಕಾಂಡೋಮ್ ಇಟ್ಟುಕೊಂಡದ್ದನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದೆಂದು 2022ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಠಾಣೆಗಳಿಗೆ ಕನ್ನಡದಲ್ಲಿ ಬರವಣಿಗೆಯಾಗಿ ತಲುಪಬೇಕು.

ಹಳೆಯ ಆರೋಗ್ಯ ಶಿಕ್ಷಕ, ಮೈಸೂರು

ಇಲ್ಲಿನ ಮಾತುಗಳನ್ನು ಆಧರಿಸಿ ರಾಜ್ಯ ಏಡ್ಸ್ ತಡೆ ಸೊಸೈಟಿಗೂ ಜಿಲ್ಲೆಗಳ ಏಡ್ಸ್ ತಡೆ ಘಟಕಗಳಾದ ಡಾಪ್ಕು ಕಚೇರಿಗಳಿಗೂ ಕಳುಹಿಸಲು ಒಂದು ಮನವಿಯ ಕರಡನ್ನು ಬರೆಯುತ್ತಿದ್ದೇನೆ. ಸಂಜೆಯ ಅವಧಿ, ಗುಂಪಿನ ಅಂಕಣವಿಲ್ಲದ ನೋಂದಣಿ, ಸಮುದಾಯದವರಿಂದಲೇ ಬೆರಳುಚುಚ್ಚಿನ ಪರೀಕ್ಷೆ, ಸರ್ಕಾರದ ಹಣದಿಂದ ಪ್ರೆಪ್, ಠಾಣೆಗಳಿಗೆ ಸುತ್ತೋಲೆ, ಇವಿಷ್ಟು ಅದರಲ್ಲಿವೆ. ಲೆಕ್ಕಿಗ ಅವರು ಸಹಿ ಹಾಕುವರೇ?

ಲೆಕ್ಕಿಗ, ಹುಬ್ಬಳ್ಳಿ

ಪ್ರತಿ ಕ್ಲಿನಿಕ್‌ಗೆ ಬಂದ ಹಣ, ಆದ ಖರ್ಚು, ಕಪಾಟಿನಲ್ಲಿ ಉಳಿದ ಔಷಧ ಮೂರನ್ನೂ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕೆಂಬ ಸಾಲನ್ನು ಸೇರಿಸಿದರೆ ಹಾಕುತ್ತೇನೆ. ರೋಗಿಗಳ ಹೆಸರು, ಗುಂಪು ಯಾವುದೂ ನನಗೆ ಬೇಡ.

ಹಳೆಯ ಆರೋಗ್ಯ ಶಿಕ್ಷಕ, ಮೈಸೂರು

ಆ ಸಾಲನ್ನು ಮೊದಲ ಪುಟದಲ್ಲಿಯೇ ಇಟ್ಟಿದ್ದೇನೆ. ಔಷಧದ ದಾಸ್ತಾನಿನ ಬಗೆಗಿನ ವಾಕ್ಯವನ್ನು ವೈದ್ಯರು ಒಮ್ಮೆ ತಿದ್ದಿಕೊಡಲಿ.